ಗಾಜು ಕೈಯಲ್ಲಿದ್ದಾಗ

"ಕೈ ಮುರಿದು ಹಾಕ್ತೀನಿ ಅವನದು! ಎರಡೂ ಕೈ! ಆಮೇಲೆ ಬೇಕಾದ್ರೆ ನೀವು ಅವನಿಗೋಸ್ಕರ ಪ್ರಾರ್ಥನೆ ಮಾಡಿ ಅಯ್ಯನವರೇ, ನಾನು ಬೇಡ ಅನ್ನಲ್ಲ!"

"ಸ್ವಲ್ಪ ಮೆತ್ತಗೆ. ಕಿಟಕಿಗಳಲ್ಲಿ ಗಾಜಿಲ್ಲ, ಬೀದಿಗೆಲ್ಲ ಕೇಳುತ್ತೆ," ಎಂದರು ಪಾದ್ರಿ.

"ಕೇಳಲಿ! ಒಡೆದವನಿಗೂ ಕೇಳಲಿ! ನಿಮ್ಮ ಹತ್ರ ತಪ್ಪು ಒಪ್ಕೊಂಡನಂತೆ, ಹೆಸರು ಮಾತ್ರ ನೀವು ಹೇಳಲ್ಲ! ಅವನೇ ಬಂದು ಕಸ ಗುಡಿಸ್ತಾನಂತೆ, ಗಾಜು ಕೂರಿಸೋ ಪುಟ್ಟಿ ನಾದಿ ಕೊಡ್ತಾನಂತೆ! ನನ್ನ ಪುಟ್ಟಿ ಮುಟ್ಟಿ ನೋಡಲಿ, ಅವನ ಬಾಯಿಗೇ ಮೆತ್ತುತೀನಿ!"

ಪ್ರಾರ್ಥನಾಲಯದ ಮೂಲೆಯಲ್ಲಿ ಆರ್ಗನ್ ವಾದ್ಯದ ಕೀಲಿಮಣೆಯ ಸಂದಿಯಿಂದ ಗಾಜಿನ ಚೂರುಗಳನ್ನು ಚಿಮುಟದಲ್ಲಿ ಒಂದೊಂದಾಗಿ ಹೆಕ್ಕುತ್ತಿದ್ದ ಆರ್ಗನ್ ಅಜ್ಜಿ ತಲೆಯೆತ್ತದೆಯೇ, "ಮೊದಲು ಕೈ ಅಂದೆ, ಈಗ ಬಾಯಿ ಅಂತಿದೀಯ. ಯಾವುದಾದ್ರೂ ಒಂದು ತೀರ್ಮಾನ ಮಾಡಪ್ಪಾ," ಎಂದಳು.

ಕೂಗುತ್ತಿದ್ದವನು ಊರಿನ ಗಾಜಿನ ಅಂಗಡಿಯವನು. ಅವನ ಹೆಂಡತಿ ನೆಲ ಒರೆಸುತ್ತಿದ್ದ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಎದ್ದು ನಿಂತಳು. "ರೀ, ಹೊರಗೆ ಹೋಗಿ ಬನ್ನಿ."

"ಹೋಗ್ತೀನಿ. ಆದ್ರೆ ಬರ್ತೀನಿ!"

ಅದು ಅವರ ಮನೆಮದ್ದು. ಮದುವೆಯಾದ ಹೊಸದರಲ್ಲಿ ಅವನು ಊಟದ ತಟ್ಟೆಯನ್ನು ಗೋಡೆಗೆ ಬೀಸಿದ ದಿನ ಅವಳು ಅಳಲಿಲ್ಲ, ಬಾಗಿಲು ತೆರೆದು ಹಿಡಿದು, ಒಂದು ಸುತ್ತು ಹಾಕಿ ಬನ್ನಿ, ಗಾಳಿಗೆ ಸಿಟ್ಟು ಆರುತ್ತೆ ಎಂದಿದ್ದಳು. ಅವನು ಸುತ್ತು ಹಾಕಿ ಬಂದಿದ್ದ. ಸಿಟ್ಟು ಆರಿರಲಿಲ್ಲ; ದಾರಿಯಲ್ಲಿ ಇನ್ನೂ ಒಳ್ಳೆಯ ಬೈಗುಳವೊಂದು ಹೊಳೆದು, ಅದು ಮರೆತುಹೋಗುವ ಮೊದಲು ಹೇಳಿಬಿಡಬೇಕೆಂದು ಏದುಸಿರು ಬಿಡುತ್ತ ಓಡಿ ಬಂದಿದ್ದ. ಅಂದಿನಿಂದ ಇಂದಿನವರೆಗೂ ಹಾಗೇ. ಮನೆಯಲ್ಲಿ, ಅಂಗಡಿಯಲ್ಲಿ, ಸಭೆಯ ಹಿರಿಯರ ಕೂಟದಲ್ಲಿ ಅವನು ಸಿಟ್ಟಿನಿಂದ ಎದ್ದು ಹೊರಗೆ ಹೋದರೆ ಉಳಿದವರು ನೀರು ಕುಡಿದು, ಕನ್ನಡಕ ಒರೆಸಿಕೊಂಡು ಎರಡನೇ ಭಾಗಕ್ಕೆ ಸಿದ್ಧರಾಗಿ ಕೂರುತ್ತಿದ್ದರು. ಅಂಗಡಿಯಲ್ಲಿ ಅವನ ಜೊತೆಗೇ ದುಡಿಯುವ ತಮ್ಮ ಅದಕ್ಕೆ ಇಂಟರ್‌ವಲ್ ಎಂದು ಹೆಸರಿಟ್ಟಿದ್ದ. ಅಣ್ಣ ಇಂಟರ್‌ವಲ್ಲಿಗೆ ಹೋಗಿದಾನೆ, ಯಾರೂ ಸೀಟು ಬಿಡಬೇಡಿ ಎನ್ನುತ್ತಿದ್ದ. ಈಗ ಪ್ರಾರ್ಥನಾಲಯಕ್ಕೆ ಸುತ್ತು ಹಾಕುತ್ತಿದ್ದವನಿಗೆ ತಮ್ಮನ ನೆನಪು ಬಂದದ್ದೇ ಹೆಜ್ಜೆ ತಪ್ಪಿತು. ಪ್ರಾರ್ಥನಾಲಯದ ಹಿಂದಿನ ಹೂವಿನ ಮಡಿಯಲ್ಲಿ ಬಿದ್ದಿದ್ದ ಚೂರೊಂದು ಚಪ್ಪಲಿಯ ಕೆಳಗೆ ಕರಕ್ಕೆಂದಿತು. ಅವನು ನಿಂತು ಮೇಲೆ ನೋಡಿದ. ಬುಧವಾರ ಸಂಜೆ ಯಾರೋ ಒಬ್ಬ ಹಾದಿಯಲ್ಲಿ ಹೋಗುತ್ತ ಈ ಸಾಲಿನ ಕಿಟಕಿಗಳನ್ನೆಲ್ಲ ಒಡೆದು ಹೋಗಿದ್ದ. ಕಳ್ಳತನವಿಲ್ಲ, ಗೋಡೆಯ ಮೇಲೆ ಬರಹವಿಲ್ಲ, ಯಾರೊಡನೆಯೂ ಜಗಳವಿಲ್ಲ. ಪ್ರತಿ ಗಾಜಿಗೂ ನಟ್ಟನಡುವೆ ಒಂದೊಂದು ಕಲ್ಲು. ಕುಡಿದವನ ಕೈಗೆ ಇಷ್ಟು ಗುರಿ ಇರುವುದಿಲ್ಲ. ಅದೇ ಅವನಿಗೆ ತಡೆಯಲಾಗದ್ದು. ದ್ವೇಷವಿದ್ದು ಒಡೆದಿದ್ದರೆ ಅವನು ದ್ವೇಷದ ಜೊತೆ ಗುದ್ದಾಡಬಹುದಿತ್ತು. ಕಾರಣವಿಲ್ಲದ ಕೆಲಸದ ಕೊರಳಪಟ್ಟಿ ಹಿಡಿಯುವುದು ಹೇಗೆ?

ಆ ಕೊರಳಪಟ್ಟಿಯನ್ನು ಹುಡುಕುತ್ತಲೇ ಅವನು ಗುರುವಾರ ಬೆಳಿಗ್ಗೆ ಅಂಗಡಿಯಲ್ಲಿ ಪ್ರಸಂಗ ಪೀಠದ ಹಿಂದಿನ ದೊಡ್ಡ ಕಿಟಕಿಗೆ ಗಾಜು ಕೊಯ್ಯಲು ನಿಂತಿದ್ದ. ಗಾಜಿನ ಮೇಲೆ ವಜ್ರದ ಮೊನೆಯನ್ನು ಒಂದೇ ಸಲ ಎಳೆಯಬೇಕು. ಗೆರೆ ಸರಿಯಾಗಿ ಕೂತರೆ ರೇಷ್ಮೆ ಹರಿದಂಥ ಸದ್ದು ಬರುತ್ತದೆ. ಕೂರದಿದ್ದರೆ ಅದೂ ಸದ್ದಿನಲ್ಲೇ ಗೊತ್ತಾಗುತ್ತದೆ. ಗೊತ್ತಾದ ಮೇಲೂ ಅದೇ ಗೆರೆಯ ಮೇಲೆ ಎರಡನೇ ಸಲ ಎಳೆಯುವುದು ಹೊಸಬರ ತಪ್ಪು, ಇಲ್ಲವೇ ಸಿಟ್ಟಿನವರ ತಪ್ಪು. ಅವನು ಆ ಕಲ್ಲಿನವನ ಕೈ ಮುರಿಯಬೇಕು, ಬೀದಿಯಲ್ಲಿ ನಿಲ್ಲಿಸಿ ಮುರಿಯಬೇಕು ಎಂದು ಬಡಬಡಿಸುತ್ತಲೇ ಎಳೆದ. ಸದ್ದು ಕೆಟ್ಟಿತ್ತು. ಎದುರಿನ ಅಂಚು ಹಿಡಿದಿದ್ದ ತಮ್ಮ, ಎರಡನೇ ಸಲ ಬೇಡ ಅಣ್ಣ, ಬೇರೆ ಕಡೆಯಿಂದ ಕೊಯ್ಯೋಣ ಎಂದ. ಬೇಡ ಎಂದದ್ದಕ್ಕೇ ಎರಡನೇ ಸಲ ಎಳೆದ. ಗಾಜು ಅಡ್ಡಡ್ಡ ಸೀಳಿತು. ಕೈಯಲ್ಲಿ ಒಂದು ತುಂಡು ಇತ್ತು, ಆಮೇಲೆ ಇರಲಿಲ್ಲ. ತಮ್ಮ ನಿಂತಿದ್ದ ಕಡೆಯ ಗೋಡೆಗೆ ಬಡಿದು ಅದು ಚೂರುಚೂರಾದ ಆ ಒಂದು ಗಳಿಗೆ ಅವನ ಎದೆಯೊಳಗೆ ಏನೋ ಹಗುರಾಯಿತು, ನಿಜ ಹೇಳಬೇಕೆಂದರೆ ಖುಷಿಯಾಯಿತು. ಆ ಖುಷಿ ಮುಗಿಯುವ ಮೊದಲೇ ಮುಖಕ್ಕೆ ಅಡ್ಡ ಹಿಡಿದಿದ್ದ ತಮ್ಮನ ಅಂಗೈಯಿಂದ ರಕ್ತ ಸುರಿಯುತ್ತಿತ್ತು. ತಮ್ಮ ಬೈಯಲಿಲ್ಲ. ಅಂಗೈಗೆ ಬಟ್ಟೆ ಸುತ್ತಿಕೊಂಡು, ಇನ್ನೊಂದು ಕೈಯಲ್ಲಿ ಊಟದ ಡಬ್ಬಿ ತೆಗೆದುಕೊಂಡು ಬಾಗಿಲ ಬಳಿ ನಿಂತು, "ಹೋಗ್ತೀನಿ" ಎಂದ. ಇಷ್ಟು ವರ್ಷ ಪ್ರತಿ ಸಂಜೆ "ಬರ್ತೀನಿ ಅಣ್ಣ" ಎಂದೇ ಹೋಗುತ್ತಿದ್ದವನು. ಹೆಂಡತಿಗೆ ಅವನು, ಗಾಜು ಜಾರಿತು, ತಮ್ಮನ ಕೈಗೆ ತಗುಲಿತು ಎಂದಷ್ಟೇ ಹೇಳಿದ್ದ. ಶುಕ್ರವಾರ ತಮ್ಮ ಕೆಲಸಕ್ಕೆ ಬರಲಿಲ್ಲ. ಇವತ್ತು ಶನಿವಾರ, ನಾಳೆ ಆರಾಧನೆ. ತಮ್ಮ ಬಂದಿಲ್ಲ.

ಅವನು ಪ್ರಾರ್ಥನಾಲಯದ ಸುತ್ತು ಮುಗಿಸಿ, ಮುಂಬಾಗಿಲನ್ನು ತಳ್ಳಿ, ದಾರಿಯಲ್ಲಿ ಹೊಳೆದದ್ದನ್ನು ಕೂಗಿದ. "ಬೈಬಲ್ಲಲ್ಲಿ ನಮ್ಮ ಸ್ವಾಮಿ ದೇವಾಲಯದ ವ್ಯಾಪಾರಿಗಳ ಮೇಜು ಉರುಳಿಸಲಿಲ್ವಾ? ಚಾಟಿ ಹಿಡೀಲಿಲ್ವಾ? ಆಗ ನೀವಿದ್ದಿದ್ರೆ ಅವನಿಗೂ ಮೆತ್ತಗೆ ಅಂತಿದ್ರಾ?"

ಎಲ್ಲರೂ ಅವನ ಬೆನ್ನ ಹಿಂದೆ ನೋಡುತ್ತಿದ್ದರು. ತಿರುಗಿದರೆ ಬಾಗಿಲಲ್ಲಿ ಮಾತ್ರೆ ನಿಂತಿದ್ದ. ಬೀದಿಯ ಕೊನೆಯ ಔಷಧಿ ಅಂಗಡಿಯ ಯಜಮಾನ. ನರೆತ ಮೀಸೆ, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಬೀದಿಯವರೆಲ್ಲ ಅವನನ್ನು ಬೆನ್ನ ಹಿಂದೆ ಮಾತ್ರೆ ಎಂದೇ ಕರೆಯುವುದು, ಅವನಿಗೂ ಅದು ಗೊತ್ತು. ತಿಂಗಳು ತಿಂಗಳೂ ಇವನಿಗೆ ರಕ್ತದೊತ್ತಡದ ಗುಳಿಗೆ ಕಟ್ಟಿಕೊಡುತ್ತ, ಸಿಟ್ಟು ಕಡಿಮೆ ಮಾಡ್ಕೊಳಿ ಅಣ್ಣಾ, ಗುಳಿಗೆ ಒಂದೇ ಎಷ್ಟು ಅಂತ ಕೆಲಸ ಮಾಡುತ್ತೆ ಎನ್ನುವವನು. ಇವತ್ತು ಅವನ ಕೈಯಲ್ಲಿ ಹೊಸ ಪೊರಕೆ ಇತ್ತು, ಬೆಲೆಯ ಚೀಟಿ ಕೂಡ ಕಿತ್ತಿರಲಿಲ್ಲ.

"ನೀವ್ಯಾಕೆ ಬಂದ್ರಿ ಸಾರ್? ಯಾರೋ ಒಬ್ಬ ರೌಡಿ ಬರ್ತಾನೆ, ಅವನೇ ಗುಡಿಸಲಿ. ನೀವು ಒಳಗೆ ಬನ್ನಿ, ಕೂತ್ಕೊಳಿ."

ಮಾತ್ರೆ ಪೊರಕೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಿದ. "ನಾನೇ ಅಣ್ಣಾ."

"ಏನು ನಾನೇ?"

"ರೌಡಿ."

ಆರ್ಗನ್ ಅಜ್ಜಿಯ ಚಿಮುಟ ಕೈಜಾರಿ ಕೀಲಿಮಣೆಯ ಮೇಲೆ ಬಿತ್ತು. ಆರ್ಗನ್ ಒಂದು ಸಣ್ಣ ಸ್ವರ ಹೊರಡಿಸಿ ಸುಮ್ಮನಾಯಿತು. ಅವನು ಮಾತ್ರೆಯ ಕೈಗಳನ್ನು ನೋಡಿದ. ಎರಡು ದಿನಗಳಿಂದ ಮನಸ್ಸಿನಲ್ಲಿ ಮುರಿಯುತ್ತ ಬಂದಿದ್ದ ಕೈಗಳು ಇವೇ. ತೆಳ್ಳಗಿನ ಬೆರಳು, ಶುಚಿಯಾದ ಉಗುರು, ಗುಳಿಗೆ ಎಣಿಸಿ ಎಣಿಸಿ ಸವೆದ ತುದಿ. ಈ ಕೈಗಳನ್ನು ಹಿಡಿದು ಮುರಿಯಲು ಹೋದರೆ ತಿಂಗಳ ಗುಳಿಗೆ ಯಾರು ಕೊಡುತ್ತಾರೆ ಎಂಬ ತಲೆಹರಟೆ ಯೋಚನೆಯೊಂದು ಬಂದು ಅವನಿಗೆ ತನ್ನ ಮೇಲೇ ರೇಗಿತು. "ಯಾಕೆ?" ಎಂದ. ಕೂಗಬೇಕೆಂದಿದ್ದ, ಕೂಗು ಬರಲಿಲ್ಲ.

"ಗೊತ್ತಿಲ್ಲ. ಎರಡು ದಿನ ಅದನ್ನೇ ಯೋಚನೆ ಮಾಡಿದೆ. ಅವತ್ತು ಯಾರೂ ಬೈದಿರಲಿಲ್ಲ, ವ್ಯಾಪಾರ ಚೆನ್ನಾಗಿತ್ತು, ಮನೇಲೂ ಎಲ್ಲ ಸರಿ. ಅಂಗಡಿ ಮುಚ್ಚಿ ಬರ್ತಿದ್ದೆ, ಕಾಲಿಗೆ ಒಂದು ಕಲ್ಲು ಸಿಕ್ತು. ಸುಮ್ನೆ ಎತ್ಕೊಂಡೆ. ಸುಮ್ನೆ ಎಸೆದೆ." ಮಾತ್ರೆ ಪಾದ್ರಿಯ ಕಡೆ ನೋಡಿ, ಮತ್ತೆ ನೆಲ ನೋಡಿದ. "ಒಡೆಯಿತು. ಆ ಸದ್ದು... ನೀವು ಬೈಬೇಡಿ ಅಣ್ಣಾ, ಆ ಸದ್ದು ಚೆನ್ನಾಗಿತ್ತು. ಅದಕ್ಕೆ ಇನ್ನೊಂದು ಎಸೆದೆ. ಕೊನೇದು ಒಡೆದ ಮೇಲೆ ನೋಡ್ತೀನಿ, ನನ್ನ ಕೈಯಲ್ಲಿ ಇನ್ನೂ ಒಂದು ಕಲ್ಲಿದೆ. ಅದನ್ನ ಹಿಡ್ಕೊಂಡೇ ಹೋಗಿ ಅಯ್ಯನವರ ಮನೆ ಬಾಗಿಲು ತಟ್ಟಿದೆ."

"ನಾನು ಮೊದಲು ಹೆದರಿದ್ದು ನಿಜ," ಎಂದರು ಪಾದ್ರಿ. "ಕಲ್ಲು ಹಿಡಿದು ಬಂದು ಬಾಗಿಲು ತಟ್ಟುವವರು ಕಡಿಮೆ."

ಆ ಸದ್ದು ಚೆನ್ನಾಗಿತ್ತು. ಅವನು ಕೆಲಸಕ್ಕೆ ಬಗ್ಗಿದ, ಮಾತಾಡಬೇಕಾದ್ದು ತಪ್ಪಲಿ ಎಂದು. ಸಣ್ಣ ಕಿಟಕಿಗಳ ಚೌಕಟ್ಟಿನಿಂದ ಹಳೆಯ ಪುಟ್ಟಿ ಕೆರೆದು, ಹೊಸ ಗಾಜು ಕೂರಿಸುತ್ತ ಹೋದ. ಮಾತ್ರೆ ಗುಡಿಸಿದ, ಚೂರುಗಳನ್ನು ಡಬ್ಬಕ್ಕೆ ತುಂಬಿದ, ಆಮೇಲೆ ಹೇಳದೆಯೇ ಕೂತು ಪುಟ್ಟಿ ನಾದತೊಡಗಿದ. ಎಷ್ಟು ಚೆನ್ನಾಗಿ ನಾದುತ್ತಾನೆ ಬಡ್ಡಿಮಗ! ಕಿರುಬೆರಳ ದಪ್ಪದ ಎಳೆಗಳನ್ನು ಒಂದೇ ಸಮ ಹೊಸೆದು ಹಲಗೆಯ ಮೇಲೆ ಸಾಲಾಗಿ ಇಡುತ್ತಿದ್ದ. ಯಾರ ಬಾಯಿಗೂ ಮೆತ್ತಲಾಗದೆ ಅವನು ಆ ಎಳೆಗಳನ್ನು ಚೌಕಟ್ಟಿಗೇ ಮೆತ್ತಿದ. ಒಳ್ಳೆಯ ಕೈ ಕೆಟ್ಟ ಕೆಲಸ ಮಾಡುವುದು ಹೇಗೆ? ಪೀಠದ ಮೇಲೆ ತೂಗುಹಾಕಿದ್ದ ಬರಿಯ ಮರದ ಶಿಲುಬೆಯ ಕಡೆ ಕಣ್ಣು ಹೋಯಿತು. ಮೊಳೆ ಹೊಡೆದವರಿಗೆ ಅಪ್ಪಣೆಯಿತ್ತು, ಅದು ಅವರ ಕೂಲಿ. ಆದರೆ ಮುಳ್ಳಿನ ಕಿರೀಟ ಹೆಣೆಯಿರಿ ಎಂದು ಯಾರೂ ಹೇಳಿರಲಿಲ್ಲ. ಅಲ್ಲಿದ್ದ ಸಿಪಾಯಿಗಳಲ್ಲಿ ಯಾವನೋ ಒಬ್ಬ, ಕೈಕೆಲಸ ಬಲ್ಲವನು, ಹೊತ್ತು ಹೋಗಲೆಂದು ಮುಳ್ಳುಕಡ್ಡಿ ಆರಿಸಿ ತಂದು, ಕೂತು, ಬಾಗಿಸಿ, ಹೆಣೆದಿರಬೇಕು. ಹೆಣೆಯುವಾಗ ತನ್ನ ಬೆರಳಿಗೂ ಚುಚ್ಚಿಸಿಕೊಂಡಿರಬೇಕು. ಚೆನ್ನಾಗಿ ಬಂತು ಎಂದು ಗೆಳೆಯರಿಗೆ ತೋರಿಸಿರಬೇಕು. ಕಾರಣವಿಲ್ಲ, ಲಾಭವಿಲ್ಲ, ಸುಮ್ನೆ. ಇಷ್ಟು ವರ್ಷ ಆ ಸಿಪಾಯಿಗಳ ಮೇಲೆ ಹಲ್ಲು ಕಡಿದಿದ್ದ ಅವನಿಗೆ ಇವತ್ತು ಆ ಹೆಣೆಯುವವನ ಬೆರಳುಗಳು ಕಂಡವು, ಉಗುರಿನ ಸಂದಿಯಲ್ಲಿ ಒಣಗಿದ ಪುಟ್ಟಿ ಕಂಡಿತು. ಅಂಥವನನ್ನೂ ಸೇರಿಸಿಯೇ ಶಿಲುಬೆಯ ಮೇಲಿನವನು ಇವರನ್ನು ಕ್ಷಮಿಸು ಎಂದು ತಂದೆಯನ್ನು ಬೇಡಿದ. ಅದನ್ನು ಕೇಳಿಸಿಕೊಂಡ ಮೇಲೆ ಆ ಸಿಪಾಯಿ ಮನೆಗೆ ಹೋಗಿ ಊಟ ಹೇಗೆ ಮಾಡಿದನೋ.

ಮತ್ತೆ ಹೊಸದಾಗಿ ಕೊಯ್ದು ತಂದ ದೊಡ್ಡ ಗಾಜು ಉಳಿದಿತ್ತು. ಅದನ್ನು ತಳ್ಳುಗಾಡಿಯಿಂದ ಇಳಿಸಿ, ಮೆಟ್ಟಿಲು ಹತ್ತಿಸಿ, ಪೀಠದ ಹಿಂದಿನ ಚೌಕಟ್ಟಿಗೆ ಏರಿಸಲು ಇಬ್ಬರು ಬೇಕು. ಒಬ್ಬರ ಉಸಿರು ಇನ್ನೊಬ್ಬರಿಗೆ ಗೊತ್ತಿರಬೇಕು. ಹೆಂಡತಿಯ ಭುಜಕ್ಕೆ ನೋವು, ಪಾದ್ರಿಗೆ ವಯಸ್ಸು. ಅವನು ಸ್ವಲ್ಪ ಹೊತ್ತು ಬೀದಿ ನೋಡಿದ, ಯಾರನ್ನೂ ಕಾಯುತ್ತಿಲ್ಲ ಎಂಬಂತೆ. ಆಮೇಲೆ, "ಬನ್ನಿ ಸಾರ್, ಆ ಕಡೆ ಹಿಡೀರಿ," ಎಂದ. "ಅಂಗೈ ಕೊಡಿ, ಬೆರಳಿನ ತುದಿ ಕೊಡಬೇಡಿ. ಒಂದೇ ನಿಯಮ. ಗಾಜು ಕೈಯಲ್ಲಿದ್ದಾಗ ಮಾತಿಲ್ಲ."

ಅದು ಅಪ್ಪನ ನಿಯಮ. ಚಿಕ್ಕಂದಿನಲ್ಲಿ ಅಣ್ಣ ತಮ್ಮ ಕಚ್ಚಾಡಿ ಕೂದಲು ಹಿಡಿದರೆ ಅಪ್ಪ ಹೊಡೆಯುತ್ತಿರಲಿಲ್ಲ. ಇಬ್ಬರನ್ನೂ ಅಂಗಡಿಗೆ ಎಳೆದು ತಂದು ಒಂದು ದೊಡ್ಡ ಗಾಜನ್ನು ನಡುವೆ ನಿಲ್ಲಿಸಿ, ಆಚೆಯಿಂದ ಒಬ್ಬನಿಗೆ, ಈಚೆಯಿಂದ ಒಬ್ಬನಿಗೆ ಎರಡೂ ಕೈಯಲ್ಲಿ ಹಿಡಿಸುತ್ತಿದ್ದ. ಬಿಟ್ಟರೆ ಒಡೆಯುತ್ತದೆ, ಹಿಡಿದರೆ ಹೊಡೆಯಲಾಗದು. ನಿಲ್ಲಿ, ಯಾರಾದರೂ ನಗುವ ತನಕ ಎಂದು ಹೇಳಿ ಅಪ್ಪ ತನ್ನ ಕೆಲಸಕ್ಕೆ ಹೋಗುತ್ತಿದ್ದ. ಗಾಜಿನ ಆಚೆ ತಮ್ಮನ ಸಿಂಬಳದ ಮೂಗು, ಕೆಂಪು ಕಣ್ಣು. ಈಚೆ ಅವನಂತೂ ಬಂಡೆ, ನಗುವವನೇ ಅಲ್ಲ. ಪ್ರತಿ ಸಲವೂ ತಮ್ಮನೇ ಸೋಲುತ್ತಿದ್ದ. ಮೂಗನ್ನು ಗಾಜಿಗೆ ಒತ್ತಿ ಚಪ್ಪಟೆ ಮಾಡಿ, ಮೆಳ್ಳಗಣ್ಣು ಮಾಡಿ ಹಂದಿಮರಿಯಾಗಿ, ತಾನೇ ಮೊದಲು ನಕ್ಕುಬಿಡುತ್ತಿದ್ದ. ಈಗ ಗಾಜಿನ ಆಚೆ ಮಾತ್ರೆಯ ಮುಖವಿತ್ತು. ಹೆದರಿಕೆಯಿಂದ ಕಣ್ಣು ಇಷ್ಟಗಲ. ಮೆಟ್ಟಿಲಿನ ನಡುವೆ ಅವನ ಮೂಗಿನ ತುದಿಗೆ ಒಂದು ಬೆವರ ಹನಿ ಬಂದು ಕೂತಿತು. ಒರೆಸುವಂತಿಲ್ಲ, ಮಾತಾಡುವಂತಿಲ್ಲ. ಮಾತ್ರೆ ತುಟಿ ಓರೆ ಮಾಡಿ ಮೇಲಕ್ಕೆ ಊದಿದ. ಹನಿ ಅಲುಗಾಡಿತು, ಬೀಳಲಿಲ್ಲ. ಇನ್ನೊಮ್ಮೆ ಊದಿದ. ಈಚೆ ಹಿಡಿದಿದ್ದವನ ಹೊಟ್ಟೆಯೊಳಗೆ ಎಲ್ಲಿಂದಲೋ ನಗು ಎದ್ದು ಬಂತು, ತಡೆಯಲು ಹೋದಷ್ಟೂ ಭುಜ ಕುಲುಕಿತು, ಅದನ್ನು ಕಂಡು ಮಾತ್ರೆಗೂ ತಡೆಯದೆ ಹೋಯಿತು. "ಅಯ್ಯೋ, ಇಳಿಸ್ರೋ ಮೊದಲು!" ಎಂದು ಆರ್ಗನ್ ಅಜ್ಜಿ ಕಿರುಚಿದಳು. ಇಳಿಸಲಿಲ್ಲ. ನಗುತ್ತಲೇ, ಕಣ್ಣಲ್ಲಿ ನೀರು ಸುರಿಸುತ್ತಲೇ ಏರಿಸಿ ಕೂರಿಸಿದರು. ಗಾಜು ಟಕ್ಕೆಂದು ತನ್ನ ಜಾಗ ಹಿಡಿಯಿತು, ಬೆಳಕು ಪೀಠದ ಮೇಲೆ ಬಿತ್ತು. ಅಜ್ಜಿ ತಡೆಯಲಾರದೆ ಹೋಗಿ ಆರ್ಗನ್ನಿನ ಮೇಲೆ ಒಂದು ಸಾಲು ನುಡಿಸಿಯೇಬಿಟ್ಟಳು. ಹೆಂಡತಿ ಫ್ಲಾಸ್ಕಿನಿಂದ ಟೀ ಬಗ್ಗಿಸಿದಳು.

ಮಾತ್ರೆ ಲೋಟ ಹಿಡಿದು, ಹಗುರಾದವರು ಮಾತಾಡುವ ಹಾಗೆ, "ನಿಮ್ಮ ತಮ್ಮನ ಕೈ ಹೇಗಿದೆ ಅಣ್ಣಾ? ನಿನ್ನೆ ಪಟ್ಟಿ ತಗೊಂಡು ಹೋದ್ರು. ಆಳವಾಗಿ ಹೋಗಿದೆ. ನಾನು ಕೇಳಿದ್ದಕ್ಕೆ, ನನ್ನದೇ ತಪ್ಪು, ಗಾಜು ಜಾರಿತು ಅಂದ್ರು," ಎಂದ.

ಟೀ ನಾಲಿಗೆ ಸುಟ್ಟಿತು. ನನ್ನದೇ ತಪ್ಪು ಎಂದನಂತೆ. ಅವನು ಎದ್ದು ನಿಂತದ್ದು ಅವನಿಗೇ ಗೊತ್ತಾಗಲಿಲ್ಲ. "ನನ್ನ ಮನೆ ವಿಷಯ ನಿಮಗ್ಯಾಕ್ರೀ? ಕಲ್ಲು ಹೊಡೆದವರು ನೀವು! ಒಂದು ಗಾಜು ಹಿಡಿದ ಮಾತ್ರಕ್ಕೆ ದೊಡ್ಡ ಮನುಷ್ಯರಾಗಿಬಿಟ್ರಾ?" ಮಾತ್ರೆಯ ಮುಖ ಬಾಡಿತು. ಅವನು ಪಾದ್ರಿಯತ್ತ ತಿರುಗಿ, ಕೇಳದವರಿಗೆ ಉತ್ತರ ಕೊಡುವಂತೆ ಕೂಗಿದ. "ಸಿಟ್ಟು ಮಾಡಬಾರದು ಅಂತ ಎಲ್ಲಿದೆ? ಆಗ್ಲೇ ಕೇಳಿದೆ, ಉತ್ತರ ಕೊಡಲಿಲ್ಲ ನೀವು. ಸ್ವಾಮಿ ಮೇಜು ಉರುಳಿಸಲಿಲ್ವಾ?"

"ಉರುಳಿಸಿದ," ಎಂದರು ಪಾದ್ರಿ, ಬಿಸ್ಕತ್ತನ್ನು ಟೀಯಲ್ಲಿ ಅದ್ದುತ್ತ. "ಆದರೆ ಅಲ್ಲೇ ಪಾರಿವಾಳ ಮಾರುವವರೂ ಇದ್ರು. ಅವರ ಪಂಜರ ಉರುಳಿಸಲಿಲ್ಲ ನೋಡು. ತಗೊಂಡು ಹೋಗಿ ಅಂತ ಬಾಯಲ್ಲಿ ಹೇಳಿದ. ಪಂಜರದ ಒಳಗೆ ಜೀವ ಇತ್ತು. ಅಷ್ಟು ಸಿಟ್ಟಲ್ಲೂ ಅದು ಅವನಿಗೆ ಕಾಣಿಸ್ತಾ ಇತ್ತು."

ಬಿಸ್ಕತ್ತು ಮುರಿದು ಟೀಯೊಳಗೆ ಬಿತ್ತು. ಪಾದ್ರಿ ಅದನ್ನು ಚಮಚದಿಂದ ಹುಡುಕತೊಡಗಿದರು. ಗುರುವಾರ ನಿಜಕ್ಕೂ ನಡೆದದ್ದು ಅವರಿಗೆ ಗೊತ್ತಿರಲಿಲ್ಲ. ಹೆಂಡತಿ ಮಾತ್ರ ಅವನ ಮುಖವನ್ನೇ ನೋಡುತ್ತಿದ್ದಳು. ಜಾರಿತು ಎಂಬ ಮಾತು ಅಣ್ಣ ತಮ್ಮ ಇಬ್ಬರ ಬಾಯಲ್ಲೂ ಒಂದೇ ಥರ ಬಂದದ್ದನ್ನು ಆಗಷ್ಟೇ ತೂಗಿ ನೋಡಿದವಳ ಹಾಗೆ. "ರೀ," ಎಂದಳು ಮೆಲ್ಲಗೆ, "ಹೊರಗೆ ಹೋಗಿ ಬನ್ನಿ."

ಅವನು ಹೊರಟ. ಬರ್ತೀನಿ ಎಂದು ಕೂಗಲು ಮರೆತ. ಹಿಂದಿನಿಂದ ಅಜ್ಜಿ, "ಇವತ್ತು ಎರಡನೇ ಇಂಟರ್‌ವಲ್ಲು," ಎಂದದ್ದು ಹೊಸ ಗಾಜಿನಾಚೆಯಿಂದ ಮಂದವಾಗಿ ಕೇಳಿಸಿತು. ಚೆನ್ನಾಗಿ ಕೂತಿದೆ ಗಾಜು ಎಂದುಕೊಂಡ. ಗೇಟಿನ ಬಳಿ ತಳ್ಳುಗಾಡಿಯಲ್ಲಿ, ಗೋಣಿತಾಟಿನ ನಡುವೆ, ಕೊಯ್ದು ಮಿಕ್ಕಿದ ಒಂದು ಗಾಜಿತ್ತು. ಎದೆಯಗಲ, ಅಂಚು ಉಜ್ಜಿ ನಯ ಮಾಡಿದ್ದು. ಅದನ್ನು ಎತ್ತಿ ಎದೆಯ ಮುಂದೆ ಎರಡೂ ಕೈಯಲ್ಲಿ ಹಿಡಿದ. ಎಡಕ್ಕೆ ತಿರುಗಿದರೆ ಪ್ರಾರ್ಥನಾಲಯದ ಸುತ್ತು. ಸಾಮಾನ್ಯವಾಗಿ ಅಲ್ಲಿಗೆ ಬರುವಷ್ಟರಲ್ಲಿ ಎರಡನೇ ಭಾಗದ ಮೊದಲ ವಾಕ್ಯ ಬಾಯಿಗೆ ಬಂದಿರುತ್ತಿತ್ತು. ಇವತ್ತು ಬಾಯಿ ಖಾಲಿ. ಅವನು ತಿರುಗಲಿಲ್ಲ, ನೇರ ನಡೆದ. ಗಾಜು ಹಿಡಿದವನಿಗೆ ಬೀದಿ ತಾನಾಗಿ ದಾರಿ ಬಿಡುತ್ತದೆ. ಸೈಕಲ್ಲಿನವನು ಕಾಲೂರಿ ನಿಂತ, ತರಕಾರಿ ಚೀಲದ ಹೆಂಗಸು ಗೋಡೆಗೆ ಒತ್ತಿಕೊಂಡಳು, ನಾಯಿ ಕೂಡ ಯೋಚಿಸಿ ಬದಿಗೆ ಸರಿಯಿತು. ಬೀಗರ ಮದುವೆಗೆ ಹೊರಟ ದೊಡ್ಡಮನುಷ್ಯನ ಹಾಗೆ ನಡೆಯುತ್ತಿದ್ದೇನೆ, ಮಾಡಲು ಹೊರಟದ್ದು ಮಾತ್ರ ಮೂಗು ನೆಲಕ್ಕೆ ಉಜ್ಜುವ ಕೆಲಸ ಎಂದುಕೊಂಡು ಅವನಿಗೆ ನಗು ಬಂತು. ಗಾಜಿನಲ್ಲಿ ಮೋಡಗಳು ಈಜುತ್ತಿದ್ದವು. ಒಂದು ಜೀವಮಾನವಿಡೀ ಗಾಜು ಹೊತ್ತವನು ಅದರೊಳಗೆ ಇಷ್ಟು ಆಕಾಶ ಹಿಡಿಯುತ್ತದೆಂದು ನೋಡಿರಲೇ ಇಲ್ಲ.

ತಮ್ಮನ ಮನೆಯ ಬಾಗಿಲು ಮುಚ್ಚಿತ್ತು. ತಟ್ಟಲು ಕೈಯಿಲ್ಲ. ಕಾಲಿನಿಂದ ಒದೆಯಲು ಹೋದವನು ತಡೆದು, ಮೊಣಕಾಲಿನಿಂದ ಮೆಲ್ಲಗೆ ನೂಕಿದ. ತಮ್ಮನ ಹೆಂಡತಿ ಬಾಗಿಲು ತೆರೆದು, ಅವನನ್ನೂ ಗಾಜನ್ನೂ ನೋಡಿ, ಒಳಗೆ ತಿರುಗಿ, "ರೀ, ಬಾವ ಬಂದಿದಾರೆ. ಗಾಜು ಹಿಡ್ಕೊಂಡು," ಎಂದಳು.

"ಇಳಿಸಿ ಹೋಗೋಕೆ ಹೇಳು," ಒಳಗಿನಿಂದ ತಮ್ಮನ ದನಿ.

"ಇಳಿಸಿ ಹೋಗ್ಬೇಕಂತೆ ಬಾವ."

"ಇಳಿಸಲ್ಲ ಅಂತ ಹೇಳಮ್ಮ ಅವನಿಗೆ. ಇನ್ನೊಂದು ಮಾತೂ ಹೇಳು." ಅವನು ಗಂಟಲು ಸರಿಮಾಡಿಕೊಂಡ. ಕೂಗಲು ಪಳಗಿದ ಗಂಟಲು, ಈ ಮಾತಿಗೆ ಪಳಗಿರಲಿಲ್ಲ. "ಅವತ್ತು ಗಾಜು ಜಾರಲಿಲ್ಲ. ನಾನು ಎಸೆದೆ. ಅವನು ಎದುರಿಗೆ ನಿಂತಿದ್ದ, ನನಗೆ ಕಾಣಿಸ್ತಿತ್ತು. ಆದ್ರೂ ಎಸೆದೆ."

ಅವಳು ಬಾಗಿಲಿನಿಂದ ಬದಿಗೆ ಸರಿದಳು. ಒಳಗೆ ಕುರ್ಚಿ ಸರಿದ ಸದ್ದು. ತಮ್ಮ ಬಂದ. ಬಲಗೈಗೆ ದಪ್ಪನೆಯ ಬಿಳಿ ಪಟ್ಟಿ, ಕ್ಷೌರವಿಲ್ಲದ ಗಡ್ಡ, ಮುಖ ಕಲ್ಲು. ಅಣ್ಣನ ಕಣ್ಣನ್ನು ನೋಡದೆ ಬಂದು ಎದುರಿಗೆ ನಿಂತು, ಗಾಜಿನ ಒಂದು ಅಂಚಿಗೆ ಎಡ ಅಂಗೈ ಕೊಟ್ಟ, ಇನ್ನೊಂದು ಅಂಚಿಗೆ ಪಟ್ಟಿ ಕಟ್ಟಿದ ಕೈಯ ಮಣಿಕಟ್ಟು ಕೊಟ್ಟ. ಇನ್ನು ಮಾತಿಲ್ಲ. ಗಾಜಿನ ಆಚೆ ಆ ಮುಖ. ಕೆನ್ನೆಯಲ್ಲಿ ಗೆರೆ ಬಿದ್ದಿವೆ, ಹುಬ್ಬಿನಲ್ಲಿ ಬಿಳಿ ಕೂದಲು, ಯಾವಾಗ ಬಂತೋ. ಇವತ್ತು ಬಂಡೆಯ ಸರದಿ ತಮ್ಮನದು. ಅವನು ಕಾದ. ತಮ್ಮ ಮೂಗು ಒತ್ತುತ್ತಾನೇನೋ ಎಂದು ಹಳೆಯ ಅಭ್ಯಾಸದಿಂದ ಕಾದ. ತಮ್ಮ ಒತ್ತಲಿಲ್ಲ. ಹಿಂದೆಯೇ ಬಂದು ಬೀದಿಯಲ್ಲಿ ನಿಂತಿದ್ದ ಸೈಕಲ್ಲಿನವನು ನೋಡುತ್ತಿದ್ದ, ತಮ್ಮನ ಹೆಂಡತಿ ನೋಡುತ್ತಿದ್ದಳು. ಅವನು, ಸಭೆಯ ಹಿರಿಯ, ಅರ್ಧ ತಲೆ ನರೆತವನು, ಮುಖವನ್ನು ಮುಂದಕ್ಕೆ ತಂದು ಮೂಗನ್ನು ಗಾಜಿಗೆ ಒತ್ತಿ ಚಪ್ಪಟೆ ಮಾಡಿ, ಕಣ್ಣೆರಡನ್ನೂ ಮೂಗಿನ ತುದಿಗೆ ತಿರುಗಿಸಿದ.

ಉಸಿರಿಗೆ ಗಾಜು ಮಂಜಾಯಿತು. ಏನೂ ಕಾಣಲಿಲ್ಲ. ಆದರೆ ಅಂಗೈಗಳಲ್ಲಿ ಗಾಜು ನಡುಗುವುದು ಗೊತ್ತಾಯಿತು, ಮೊದಲು ಸಣ್ಣಗೆ, ಆಮೇಲೆ ಭುಜ ಕುಲುಕಿದ ಹಾಗೆ ಗಡಗಡ. "ಅಯ್ಯೋ ಹಿಡ್ಕೋ ಅಣ್ಣ, ಹಿಡ್ಕೋ, ಬೀಳುತ್ತೆ!" ಎಂದು ತಮ್ಮ ನಿಯಮ ಮುರಿದ. ಮೊದಲು ನಕ್ಕವರು ಯಾರು ಎಂಬ ಬಗ್ಗೆ ಇಬ್ಬರೂ ಅಲ್ಲೇ, ಗಾಜನ್ನು ಇಳಿಸದೆಯೇ, ಹೊಸ ಜಗಳ ಶುರುಮಾಡಿದರು.

ಅತ್ತ ಪ್ರಾರ್ಥನಾಲಯದಲ್ಲಿ ಅವನ ಲೋಟದ ಮೇಲೆ ಹೆಂಡತಿ ತಟ್ಟೆ ಮುಚ್ಚಿಟ್ಟಿರಬೇಕು, ಪಾದ್ರಿ ಕನ್ನಡಕ ಒರೆಸಿಕೊಂಡು ಬಾಗಿಲು ನೋಡುತ್ತಿರಬೇಕು, ಮಾತ್ರೆ ಎರಡನೇ ಭಾಗಕ್ಕೆ ಹೆದರಿ ಪೊರಕೆ ಹಿಡಿದು ಮೂಲೆಯಲ್ಲಿ ನಿಂತಿರಬೇಕು. ಕಾಯಲಿ, ಮಾತ್ರೆಗೆ ಆಮೇಲೆ ಹೋಗಿ ಕೈ ಮುಗಿದರಾಯಿತು. ಅಷ್ಟರಲ್ಲಿ ತಮ್ಮನ ಹೆಂಡತಿ, "ಗಾಜು ಒಳಗೆ ತನ್ನಿ ಇಬ್ಬರೂ, ಊಟಕ್ಕೆ ಹಾಕ್ತೀನಿ," ಎಂದಳು. ಅಣ್ಣ ತಮ್ಮ ಒಂದೇ ಉಸಿರಿನಲ್ಲಿ, ಒಂದೇ ಹೆಜ್ಜೆಯಲ್ಲಿ, ಆಕಾಶ ತುಂಬಿದ ಗಾಜನ್ನು ನಡುವೆ ಹಿಡಿದುಕೊಂಡು ಹೊಸ್ತಿಲು ದಾಟಿದರು. ಟೀ ಅಲ್ಲಿ ತಣ್ಣಗಾಯಿತು.